ಕಂಬಳಿಯಾಚೆಯ ತೋಳು

ಸೂಲಗಿತ್ತಿ ಅಂತ ಯಾರಾದರೂ ಕರೆದರೆ ನನಗೆ ಮೈ ಉರೀತಿತ್ತು. ಸೂಲಗಿತ್ತಿಯರ ಮೇಲೆ ನನಗೇನೂ ಕೋಪ ಇಲ್ಲ, ನಮ್ಮ ಯಗಟಿಯಲ್ಲಿ ನನ್ನನ್ನು ಈ ಲೋಕಕ್ಕೆ ಎಳೆದು ಹಾಕಿದವಳೂ ಒಬ್ಬ ಸೂಲಗಿತ್ತೀನೇ. ಆದರೆ ನಾನು ಮೈಸೂರಲ್ಲಿ ಎರಡು ವರ್ಷ ಓದಿ, ಪರೀಕ್ಷೆ ಕೊಟ್ಟು, ಸರ್ಕಾರದ ಮೊಹರು ಬಿದ್ದ ಕಾಗದ ತಂದವಳು. ಹದಿನೆಂಟನೇ ವಯಸ್ಸಿಗೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಅಣ್ಣನ ಮನೆ ಒಲೆ ಊದಿಕೊಂಡು ಬಿದ್ದಿರು ಅಂದರು. ಬಿದ್ದಿರಲಿಲ್ಲ, ಅಷ್ಟೇ. ಅಜ್ಜಂಪುರದ ಸೀಮೆಯ ಒಂದು ಸರ್ಕಾರಿ ದವಾಖಾನೆಗೆ ಮಿಡ್‌ವೈಫ್ ಆಗಿ ಬಂದೆ. ಕಾಮಾಕ್ಷಮ್ಮ ಅಂತ ಹೆಸರು ಬರೆದುಕೊಂಡರು.

ಅಲ್ಲಿ ಹೊನ್ನಯ್ಯ ಅಂತ ಒಬ್ಬ ಕಾಂಪೌಂಡರ್ ಇದ್ದ. ಒಳ್ಳೇ ಮನುಷ್ಯ, ಸುಳ್ಳು ಹೇಳಬಾರದು. ಮದ್ದು ಬೆರೆಸೋದು, ಸೀಸೆಗೆ ಚೀಟಿ ಅಂಟಿಸೋದು ಅವನ ಕೆಲಸ. ಪ್ಲೇಗು ಬಂದು ಊರೂರಿಗೆ ಹೋಗಿ ಸೂಜಿ ಹಾಕಬೇಕಾದಾಗ ಡಾಕ್ಟರೊಬ್ಬರ ಕೈಲಿ ಎಲ್ಲಿ ಆಗುತ್ತೆ? ಹೊನ್ನಯ್ಯನೂ ಸೂಜಿ ಹಿಡೀಬಹುದು ಅಂತ ಮೇಲಿಂದ ಹುಕುಂ ಬಂತು. ನಾಲ್ಕು ದಿನದಲ್ಲಿ ಕಲಿತ. ಕಲಿಸಿದವರು ಯಾರು ಅಂದುಕೊಂಡಿರಿ? ಸೂಜಿ ಎಷ್ಟು ಹೊತ್ತು ಕುದೀಬೇಕು, ತೋಳನ್ನ ಎಲ್ಲಿ ಹಿಡೀಬೇಕು, ಮದ್ದಿನೊಳಗಿನ ಗಾಳಿ ಹೇಗೆ ತೆಗೀಬೇಕು, ಎಲ್ಲಾ ತೋರಿಸಿಕೊಟ್ಟವಳು ನಾನು. ನನ್ನದು ಹನ್ನೊಂದು ವರ್ಷದ ಸರ್ವೀಸು. ನನಗೆ ಮಾತ್ರ ಸೂಜಿ ಮುಟ್ಟೋ ಹಾಗಿಲ್ಲ. ಹೆಂಗಸಿಗೆ ಆ ಹುಕುಂ ಇಲ್ಲ. ನಾನು ಕಾರ್ಬಾಲಿಕ್ ನೀರಲ್ಲಿ ಅದ್ದಿದ ಬಟ್ಟೆ ಹಿಡ್ಕೊಂಡು ತೋಳು ಒರೆಸಬೇಕು. ಚುಚ್ಚೋಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ.

ನನಗೆ ದೊಡ್ಡಸ್ತಿಕೆ ಬೇಕಿತ್ತು ಅಂತಲ್ಲ. ಬೇಕಿತ್ತು, ಯಾಕೆ ಸುಳ್ಳು ಹೇಳಲಿ, ಅದೂ ಬೇಕಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಕಣ್ಣಾರೆ ಕಾಣ್ತಿದ್ದೆನಲ್ಲ. ಗಂಡಸರು ಸಾಲಾಗಿ ಬಂದು ಅಂಗಿ ಬಿಚ್ಚಿ ನಿಲ್ಲೋರು. ಹೆಂಗಸರು ಬಾಗಿಲ ಸಂದಿಯಿಂದ ನೋಡಿ ಒಳಗೆ ಓಡೋರು. ಭುಜದ ಕೆಳಗೆ ಸೂಜಿ ಹಾಕಬೇಕಾದರೆ ರವಿಕೆ ಗಂಟು ಬಿಚ್ಚಬೇಕು, ತೋಳು ಪೂರಾ ಎಳೀಬೇಕು. ಪರ ಗಂಡಸಿನ ಮುಂದೆ ಯಾವಳು ಬಿಚ್ಚುತ್ತಾಳೆ? ‘ನೀವು ಹಾಕೋದಾದ್ರೆ ಹಾಕಿ ಅಮ್ಮಾ, ಆವಯ್ಯ ಬ್ಯಾಡ’ ಅಂತ ಹತ್ತು ಊರಲ್ಲಿ ಹೇಳಿಸಿಕೊಂಡೆ. ಪ್ಲೇಗು ಬಂದಾಗ ಸಾಯ್ತಿದ್ದವರು ಯಾರು? ಮನೆಯೊಳಗೆ, ಅಡುಗೆ ಮನೇಲಿ, ರಾಗಿ ಕಣಜದ ಪಕ್ಕ, ಇಲಿ ಬಿದ್ದ ನೆಲದ ಮೇಲೆ ದಿನವೆಲ್ಲ ಕೂತಿರೋ ಅದೇ ಹೆಂಗಸರು.

ಅದಕ್ಕೇ ಅರ್ಜಿ ಬರೆದೆ. ಮಿಡ್‌ವೈಫರಿಗೆ, ಹೆಂಗಸರ ಮಟ್ಟಿಗಾದರೂ, ಸೂಜಿ ಹಾಕೋ ಅಧಿಕಾರ ಕೊಡಬೇಕು ಅಂತ. ನಮ್ಮ ಡಾಕ್ಟರು ಗಂಗಾಧರಯ್ಯನವರು ಅದನ್ನ ಎರಡು ಸಲ ಓದಿದರು.

‘ನೋಡಿ ಕಾಮಾಕ್ಷಮ್ಮನವರೇ, ಬರೀ ಅರ್ಜಿ ಕಳಿಸಿದರೆ ಕಸದ ಬುಟ್ಟಿಗೆ ಹೋಗುತ್ತೆ. ಬಿದರಕಟ್ಟೆಯಲ್ಲಿ ಇಲಿ ಬೀಳ್ತಿವೆಯಂತೆ. ಆ ಊರಲ್ಲಿ ಒಂದು ಹೆಸರೂ ಬಿಡದ ಹಾಗೆ ಸೂಜಿ ಆಗಲಿ. ಆ ವರದಿ ಜೊತೆಗೇ ಇದನ್ನ ಕಳಿಸ್ತೀನಿ, ನಿಮ್ಮಿಂದ ಆಯ್ತು ಅಂತ ಬರೀತೀನಿ. ಆದರೆ ಗಲಾಟೆ ಗಿಲಾಟೆ ಆಗಬಾರದು. ನಿಮ್ಮ ಬಾಯಿ ಸ್ವಲ್ಪ ಬಿಗಿ ಹಿಡೀರಿ.’

ನನ್ನ ಬಾಯಿ ಸೀಮೆಗೆಲ್ಲ ಗೊತ್ತಿತ್ತು. ‘ಹಿಡೀತೀನಿ ಸ್ವಾಮಿ’ ಅಂದೆ.

ಬಿದರಕಟ್ಟೆ ಅಂದರೆ ಶಿವನಿ ಸ್ಟೇಷನ್ನಿಂದ ಒಂದು ಹರದಾರಿ. ದೊಡ್ಡ ಯುದ್ಧ ನಡೀತಿದ್ದ ಕಾಲ, ಕಾರ್ತಿಕ ಮಾಸ ಮುಗೀತಾ ಬಂದಿತ್ತು. ರಾಗಿ ಕೊಯ್ದು ಕಣಕ್ಕೆ ತಂದಿದ್ದರು. ಅಮಲ್ದಾರರು ಬಂದು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಳ್ಳಿ ಅಂದರು. ಕಣದಲ್ಲಿ ರಾಗಿ ಬಿಟ್ಟು ಯಾರು ಹೋಗ್ತಾರೆ? ಪಟೇಲ ತಿಮ್ಮಪ್ಪ ಕೈ ಮುಗಿದು ಗೋಗರೆದ. ಕೊನೆಗೆ ಒಂದು ಮಾತಾಯ್ತು: ಊರಿನ ಪ್ರತಿಯೊಬ್ಬರೂ, ಹೆಂಗಸರೂ ಸೇರಿ, ಸೂಜಿ ಹಾಕಿಸಿಕೊಂಡರೆ ಊರು ಬಿಡೋದು ಬೇಡ. ಒಂದು ಮನೆಯಲ್ಲಿ ಒಬ್ಬರು ತಪ್ಪಿಸಿಕೊಂಡರೂ ಆ ಮನೆಯವರೆಲ್ಲ ಆಚೆ ಹೋಗಬೇಕು.

ತಿಮ್ಮಪ್ಪನ ಮನೇಲಿ ನಾಲ್ಕು ಜನ ಹೆಂಗಸರು. ಹೆಂಡತಿ ದ್ಯಾವಮ್ಮ. ಸೊಸೆ ಅಂಬಮ್ಮ. ಮದುವೆಗೆ ಬಂದ ಮಗಳು ಗಿರಿಯಮ್ಮ. ಆಮೇಲೆ ತಿಮ್ಮಪ್ಪನ ತಂಗಿ ಹಾಲಮ್ಮ, ಗಂಡ ಸತ್ತು ತೌರಿಗೆ ಬಂದವಳು, ಬೀಸೋದು ಕುಟ್ಟೋದು ಎಲ್ಲಾ ಅವಳದೇ. ಇವರಲ್ಲಿ ಅಂಬಮ್ಮ ನನಗೆ ಬೇಕಾದವಳು. ಹಿಂದಿನ ವರ್ಷ ಅವಳ ಚೊಚ್ಚಲ ಹೆರಿಗೆ ನಾನೇ ಮಾಡಿಸಿದ್ದೆ. ಮಗು ಅಡ್ಡ ನಿಂತಿತ್ತು. ಒಂದು ಹಗಲು, ಒಂದು ರಾತ್ರಿ ಅವಳ ಬಲಗೈ ನನ್ನ ಕೈಲಿತ್ತು. ಆ ಕೈ ಬಿಡಿಸಿಕೊಂಡಾಗ ನನ್ನ ಮಣಿಕಟ್ಟು ಊದಿತ್ತು. ಅವಳ ಬಲಭುಜದ ಕೆಳಗೆ ಹುಣಿಸೆಬೀಜದಷ್ಟು ಕರೀ ಮಚ್ಚೆ, ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತೆ.

ಸೂಜಿ ಹಾಕೋ ದಿನ ಬೆಳಿಗ್ಗೆ ನಾನು ಶಿವನಿಯಲ್ಲಿ ಸ್ಟೇಷನ್ ಪಾಯಿಂಟ್ಸ್‌ಮನ್ನನ ಹೆಂಡತಿಗೆ ಹೆರಿಗೆ ಮಾಡಿಸಿ, ಸೀದಾ ಬಿದರಕಟ್ಟೆಗೆ ನಡೆದು ಬಂದೆ. ಡಾಕ್ಟರು ಚಾವಡಿಯಲ್ಲಿ ಗಂಡಸರಿಗೆ ಸೂಜಿ ಹಾಕ್ತಿದ್ದರು. ಪಟೇಲನ ಮನೆಗೆ ಹೊನ್ನಯ್ಯನನ್ನೂ ನನ್ನನ್ನೂ ಕಳಿಸಿದರು. ಹೋಗಿ ನೋಡಿದರೆ ನಡುಮನೆ ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟಿದ್ದಾರೆ. ಮಧ್ಯೆ ಒಂದು ಗೇಣು ಸಂದಿ. ಹೆಂಗಸರು ಒಳಗಿಂದ ಆ ಸಂದಿಯಲ್ಲಿ ತೋಳು ಚಾಚ್ತಾರಂತೆ, ನಾವು ಆಚೆಯಿಂದ ಹಾಕಬೇಕಂತೆ.

‘ನಾನು ಒಳಗೆ ಹೋಗಿ ಒಬ್ಬೊಬ್ಬರನ್ನೇ ಹಿಡಿದು ಕೂರಿಸ್ತೀನಿ’ ಅಂದೆ.

ದ್ಯಾವಮ್ಮ ಒಳಗಿಂದಲೇ ಕೇಳಿದಳು, ‘ಈಗ ಎಲ್ಲಿಂದ ಬಂದ್ರಿ ಅಮ್ಮಾ?’

‘ಹೆರಿಗೆ ಮಾಡಿಸಿ ಬಂದೆ.’

‘ಹಂಗಾದ್ರೆ ಆಚೇನೇ ಇರಿ. ಸೂತಕ ಒಳೀಕೆ ತರಬ್ಯಾಡಿ, ದೇವರ ಮನೆ ಐತೆ.’

ನೋಡಿ, ಅವಳ ಮೊಮ್ಮಗನನ್ನ ಹಿಡಿದ ಕೈ ಇದೇ. ಅವತ್ತು ಬೇಕಾಗಿತ್ತು, ಇವತ್ತು ಮೈಲಿಗೆ. ಬಾಯಿಗೆ ಬಂದಿತ್ತು ಮಾತು, ಡಾಕ್ಟರು ಹೇಳಿದ್ದು ನೆನಪಾಗಿ ನುಂಗಿಕೊಂಡೆ. ಆಗ ಅಂಬಮ್ಮನ ದನಿ ಮೆಲ್ಲಗೆ ಬಂತು, ‘ಅಕ್ಕಾ, ನೀವೇ ಚುಚ್ಚೋದಾದ್ರೆ ನಾನು ಆಚೀಕೇ ಬತ್ತೀನಿ.’ ಅವಳತ್ತೆ ಗದರಿದ್ದೂ ಕೇಳಿಸಿತು.

‘ನನಗೆ ಹುಕುಂ ಇಲ್ಲ ಕಣಮ್ಮ’ ಅಂದೆ. ‘ಹೊನ್ನಯ್ಯನೇ ಹಾಕ್ತಾನೆ. ಹೆದರಬೇಡ.’

ಹೊನ್ನಯ್ಯನಿಗೂ ಪಾಪ ಬೆವರು ಕಿತ್ತುಕೊಂಡಿತ್ತು. ಪಟೇಲನ ಮನೆ ಹೆಂಗಸರ ತೋಳು ನೋಡಿದ ಅನ್ನಿಸಿಕೊಳ್ಳೋಕೆ ಅವನಿಗೆ ಧೈರ್ಯ ಇಲ್ಲ. ಕತ್ತು ತಿರುಗಿಸಿ ಗೋಡೆ ಕಡೆ ನೋಡ್ತಾ ನಿಂತ. ‘ನೀವೇ ಜಾಗ ಹಿಡೀರಿ ಕಾಮಾಕ್ಷಮ್ಮನೋರೇ, ನಾನು ಒತ್ತುತೀನಿ’ ಅಂದ. ಹಾಗೇ ಆಯ್ತು. ತೋಳು ಹಿಡಿದವಳು ನಾನು, ಒರೆಸಿದವಳು ನಾನು, ಅವನ ಕೈ ಮೇಲೆ ಕೈ ಇಟ್ಟು ಸೂಜಿ ಮೊನೆಯನ್ನ ಜಾಗಕ್ಕೆ ತಂದು ಇಳಿಸಿದವಳೂ ನಾನು. ಅವನು ಗೋಡೆ ನೋಡ್ಕೊಂಡು ಹೆಬ್ಬೆಟ್ಟಿನಿಂದ ಮದ್ದು ಒತ್ತಿದ. ಸರ್ಕಾರದ ಲೆಕ್ಕಕ್ಕೆ ಸೂಜಿ ಹಾಕಿದವನು ಹೊನ್ನಯ್ಯ.

ಮೊದಲು ದ್ಯಾವಮ್ಮನ ಹೆಸರು ಕೂಗಿದ. ಎಡತೋಳು ಬಂತು. ದಪ್ಪ ಬೆಳ್ಳಿ ಕಡಗ. ಆಯ್ತು.

ಆಮೇಲೆ ಅಂಬಮ್ಮ. ಬಲತೋಳು ಬಂತು. ಒರೆಸೋಕೆ ಹೋದೆ, ಕೈ ನಿಂತುಹೋಯ್ತು. ಮಚ್ಚೆ ಇಲ್ಲ. ಅಂಗೈ ತಿರುಗಿಸಿ ನೋಡಿದೆ, ಬೀಸೋ ಕಲ್ಲಿನ ಗೂಟ ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈ. ಅಂಬಮ್ಮನ ತೆಳು ಕಡಗ ಹಾಕಿದ್ದರು, ಅದು ಮುಂಗೈಯ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತ್ತು. ಆ ಕೈಯಲ್ಲಿ ಒಂದೇ ಒಂದು ಗಾಜಿನ ಬಳೆಯೂ ಇರಲಿಲ್ಲ. ಮುತ್ತೈದೆ ಗಾಜಿನ ಬಳೆ ತೆಗೆದಿಟ್ಟು ಕೂರ್ತಾಳಾ ಕಣ್ರೀ? ಅವರಿಗೆ ಕಡಗ ಬದಲಾಯಿಸೋದು ಹೊಳೀತು, ಬಳೆ ಹೊಳೀಲಿಲ್ಲ. ಅಥವಾ ಹೊಳೆದಿದ್ದರೂ, ವಿಧವೆ ಕೈಗೆ ಬಳೆ ಹಾಕೋಕೆ ಮನಸ್ಸು ಒಪ್ಪಲಿಲ್ಲವೇನೋ.

ಹಾಲಮ್ಮ ಅಂತ ಗೊತ್ತಾಯ್ತು. ಅವಳಿಗೆ ಗಂಡ ಇಲ್ಲ, ಯಾರಿಗೆ ತೋಳು ತೋರಿಸಿದೆ ಅಂತ ಕೇಳೋರಿಲ್ಲ. ಅದಕ್ಕೇ ಎಲ್ಲರ ಬದಲು ಅವಳನ್ನ ಕೂರಿಸಿದ್ದರು.

ನಾನು ತೋಳು ಬಿಡಲಿಲ್ಲ, ಒರೆಸಲೂ ಇಲ್ಲ. ಕಂಬಳಿಯಾಚೆ ಅವಳಿಗೂ ತಿಳೀತು ಅಂತ ಕಾಣುತ್ತೆ. ಆ ಜಡ್ಡು ಬೆರಳು ಮೆಲ್ಲಗೆ ನನ್ನ ಬೆರಳು ಹಿಡಿದು ಒತ್ತಿದವು. ಬೇಡಿಕೊಂಡವು.

ಅವಳು ಬೇಡಿಕೊಂಡಳು ಅಂತ ಸುಮ್ಮನಾದೆ ಅಂದರೆ ಕೇಳೋಕೆ ಚೆನ್ನಾಗಿರುತ್ತೆ. ನಿಜ ಅದಲ್ಲ. ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಬಂದಿದ್ದು ಡಾಕ್ಟರ ಮೇಜಿನ ಮೇಲಿದ್ದ ನನ್ನ ಅರ್ಜಿ. ಈಗ ಕೂಗಿದರೆ ಪಟೇಲ ಕುಣಿದಾಡ್ತಾನೆ, ಊರು ಸೇರುತ್ತೆ, ವರದಿ ಕೆಡುತ್ತೆ, ಅರ್ಜಿ ಅಲ್ಲೇ ಕೂರುತ್ತೆ. ಒಂದು ಹದಿನೈದು ದಿನ ಸುಮ್ಮನಿದ್ದರೆ ಹುಕುಂ ಬರುತ್ತೆ. ಬಂದ ಮಾರನೇ ದಿನ ನಾನೇ ಸೂಜಿ ಹಿಡಿದು ಬರ್ತೀನಿ, ಕಂಬಳಿ ಕಿತ್ತುಹಾಕಿ ಅಂಬಮ್ಮನ ಮಚ್ಚೆಯ ಪಕ್ಕದಲ್ಲೇ ಹಾಕ್ತೀನಿ. ಹೀಗೆ ನನಗೆ ನಾನೇ ಹೇಳಿಕೊಂಡು ತೋಳು ಒರೆಸಿದೆ. ಹೊನ್ನಯ್ಯನ ಕೈ ಹಿಡಿದು ಸೂಜಿ ಇಳಿಸಿದೆ.

ಗಿರಿಯಮ್ಮನ ಹೆಸರಿಗೆ ಮತ್ತೆ ಎಡತೋಳು ಬಂತು. ಮೊದಲ ಗಾಯದ ಹನಿ ರಕ್ತ ಇನ್ನೂ ಆರಿರಲಿಲ್ಲ, ಅದರಿಂದ ಎರಡು ಬೆರಳು ಕೆಳಗೆ ಜಾಗ ಹುಡುಕಿದೆ. ಕೊನೆಗೆ ಹಾಲಮ್ಮನ ಸ್ವಂತ ಹೆಸರಿಗೆ ಬಲತೋಳು. ಹೊನ್ನಯ್ಯ ಗೋಡೆ ಕಡೆಯಿಂದ ತಿರುಗಿ, ‘ನಾಲ್ಕೂ ಆಯ್ತಲ್ಲ, ಗೆದ್ದೆವು’ ಅಂತ ಬೆವರು ಒರೆಸಿಕೊಂಡ. ಪುಸ್ತಕದಲ್ಲಿ ನಾಲ್ಕು ಹೆಸರ ಮುಂದೆ ಗುರುತು ಹಾಕಿದ. ಊರಲ್ಲಿ ಒಂದು ಹೆಸರೂ ತಪ್ಪಿರಲಿಲ್ಲ. ಡಾಕ್ಟರು ಅಷ್ಟು ಸಂತೋಷವಾಗಿದ್ದನ್ನ ನಾನು ಮೊದಲು ಕಂಡಿರಲಿಲ್ಲ. ಮಾತಿಗೆ ತಪ್ಪದೆ ಅದೇ ವಾರ ವರದಿ ಜೊತೆ ಅರ್ಜಿ ಕಳಿಸಿದರು.

ಹಾಲಮ್ಮನಿಗೆ ಜ್ವರ ಕಾದು ಮೂರು ದಿನ ಎದ್ದಿರಲಿಲ್ಲವಂತೆ. ಎರಡು ತೋಳೂ ಊದಿಕೊಂಡು, ಮುದ್ದೆ ತಿರುವೋಕೂ ಆಗದೆ ಅತ್ತಿಗೆ ಕೈಲಿ ಬೈಸಿಕೊಂಡಳಂತೆ. ಆಮೇಲೆ ಎದ್ದು ಬೀಸೋಕೆ ಕೂತಳು.

ಹದಿನೈದು ದಿನ ಆಯ್ತು, ಹುಕುಂ ಬರಲಿಲ್ಲ. ಇಪ್ಪತ್ತು ಆಯ್ತು. ದಿನಾ ಟಪಾಲು ಬರೋ ಹೊತ್ತಿಗೆ ಬಾಗಿಲಲ್ಲಿ ನಿಲ್ಲೋದು ನನ್ನ ಕೆಲಸವಾಗಿತ್ತು. ಇಪ್ಪತ್ತಮೂರನೇ ದಿನ ಬಿದರಕಟ್ಟೆಯಿಂದ ಗಾಡಿ ಬಂತು. ಪಟೇಲನ ಮನೇಲಿ ಮಗಳಿಗೂ ಸೊಸೆಗೂ ಜ್ವರ, ತೊಡೆಯ ಸಂದಿಯಲ್ಲಿ ಗಡ್ಡೆ.

ನಾವು ಹೋಗೋಷ್ಟರಲ್ಲಿ ಗಿರಿಯಮ್ಮ ಹೋಗಿಬಿಟ್ಟಿದ್ದಳು. ಅವಳನ್ನ ಚಾಪೆಯಲ್ಲಿ ಸುತ್ತಿ ಜಗಲಿಗೆ ತಂದಿಟ್ಟಿದ್ದರು. ಈಗ ಯಾರೂ ನನ್ನನ್ನ ಎಲ್ಲಿಂದ ಬಂದೆ ಅಂತ ಕೇಳಲಿಲ್ಲ. ನಡುಮನೆ ದಾಟಿ ಒಳಗೆ ಹೋದೆ. ಅಂಬಮ್ಮನ ತಲೆ ಹಾಲಮ್ಮನ ತೊಡೆ ಮೇಲಿತ್ತು. ದ್ಯಾವಮ್ಮನಿಗೆ ಹೇಗೋ ತಗುಲಿರಲಿಲ್ಲ, ಹಾಲಮ್ಮನಂತೂ ಗಟ್ಟಿಯಾಗಿದ್ದಳು. ನಾಲ್ಕು ಜನರ ಮದ್ದು ಅವಳೊಬ್ಬಳ ಮೈಯೊಳಗಿತ್ತು.

ಅಂಬಮ್ಮನಿಗೆ ಗುರುತು ಸಿಕ್ಕಿತು. ಬಲಗೈ ಎತ್ತೋಕೆ ನೋಡಿದಳು, ನಾನೇ ಹಿಡಿದುಕೊಂಡೆ. ಕಾದ ಹೆಂಚಿನ ಹಾಗಿತ್ತು.

‘ಸೂಜಿ ತಂದ್ರಾ ಅಕ್ಕಾ?’ ಅಂದಳು.

ಪ್ಲೇಗು ಬಂದಮೇಲೆ ಸೂಜಿ ಹಾಕಿ ಏನೂ ಪ್ರಯೋಜನ ಇಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ‘ನಾಳೆ ತರ್ತೀನಿ ಕಣೇ’ ಅಂದೆ. ಆ ಹುಡುಗಿ ತಲೆಯಾಡಿಸಿದಳು, ನಾಳೆ ಆಗಲಿ ಅನ್ನೋ ಹಾಗೆ. ಮಾರನೇ ದಿನ ಹೊತ್ತು ಹುಟ್ಟೋ ಹೊತ್ತಿಗೆ ಸತ್ತಳು. ಒಂದೂವರೆ ವರ್ಷದ ಮಗ ಜಗಲಿ ಮೇಲೆ ಪುರಿ ತಿಂತಾ ಕೂತಿದ್ದ. ನನಗೆ ಗಂಡ ಸತ್ತಾಗಲೂ ಹಾಗೆ ಅಳು ಬಂದಿರಲಿಲ್ಲ.

ಊರಲ್ಲಿ ಮಾತು ಹಬ್ಬಿತು: ಸೂಜಿ ಹಾಕಿಸಿಕೊಂಡೋರೇ ಸತ್ತರು. ಡಾಕ್ಟರೂ ಪುಸ್ತಕದಲ್ಲಿ ಹಾಗೇ ಬರೆದರು, ಅವರಿಗೇನು ಗೊತ್ತು.

ಅಂಬಮ್ಮ ಸತ್ತ ಒಂಬತ್ತನೇ ದಿನಕ್ಕೆ ಟಪಾಲು ಬಂತು. ಡಾಕ್ಟರು ಲಕೋಟೆ ಒಡೆದು, ಓದಿ, ನನ್ನ ಕಡೆ ಚಾಚಿದರು. ಆ ಸಾಲು ನನಗೆ ಬಾಯಿಪಾಠ. ‘ಬಿದರಕಟ್ಟೆ ಗ್ರಾಮದಲ್ಲಿ ಪಟೇಲರ ಮನೆಯ ಹೆಂಗಸರು ಸಹ ಪುರುಷ ನೌಕರನ ಕೈಯಿಂದ ಯಾವ ಆಕ್ಷೇಪಣೆಯೂ ಇಲ್ಲದೆ ಸೂಜಿ ಹಾಕಿಸಿಕೊಂಡಿರುವುದು ಸದರಿ ವರದಿಯಿಂದಲೇ ತಿಳಿದುಬರುವುದರಿಂದ, ಈ ಕೆಲಸವನ್ನು ಹೆಂಗಸರಿಗೆ ಒಪ್ಪಿಸುವ ಅಗತ್ಯ ಕಂಡುಬರುವುದಿಲ್ಲ.’

ನಿಂತಲ್ಲೇ ಕೂತುಬಿಟ್ಟೆ. ಡಾಕ್ಟರ ಮುಂದೆ ಯಾವತ್ತೂ ಕೂತವಳಲ್ಲ. ಕಂಬಳಿ, ಕಡಗ, ಜಡ್ಡುಗಟ್ಟಿದ ಅಂಗೈ, ಎಲ್ಲಾ ಹೇಳಿದೆ.

ಅವರು ನನ್ನ ಕೈಯಿಂದ ಆ ಕಾಗದ ತಗೊಂಡು ಮಡಿಸಿಟ್ಟರು. ಆಮೇಲೆ ಕೇಳಿದರು, ‘ನಿಮಗೆ ಯಾವಾಗ ತಿಳೀತು?’

‘ಎರಡನೇ ತೋಳಿಗೆ.’

‘ಆವತ್ತೇ ಒಂದು ಮಾತು ಅಂದಿದ್ದರೆ ಆ ಮನೆ ಖಾಲಿ ಮಾಡಿಸ್ತಿದ್ದೆನಲ್ಲ ತಾಯಿ. ಆಚೆ ಗುಡಿಸಲಲ್ಲಿ ಇದ್ದಿದ್ದರೆ ಇಬ್ಬರೂ ಬದುಕಿರೋರು.’

ಅವರು ಬೈದಿದ್ದರೆ ನಾನೂ ನಾಲ್ಕು ಮಾತು ಆಡ್ತಿದ್ದೆ. ಬಾಯಿ ಬಿಗಿ ಹಿಡಿ ಅಂದವರು ನೀವಲ್ಲವಾ, ಹೊನ್ನಯ್ಯನಿಗೆ ಕೊಟ್ಟ ಸೂಜಿ ನನಗೆ ಕೊಟ್ಟಿದ್ದರೆ ಈ ಕಂಬಳಿ ಎಲ್ಲಿರ್ತಿತ್ತು, ಅಂತ ಕೇಳ್ತಿದ್ದೆ. ಅವರು ಬೈಲಿಲ್ಲ. ಕೇಳಬೇಕಾದ್ದು ಎಲ್ಲಾ ನಿಜವೇ, ಇವತ್ತಿಗೂ ನಿಜ. ಆದರೂ ಅಂಬಮ್ಮನ ಹೆಸರಲ್ಲಿ ಬಂದ ತೋಳು ಹಿಡಿದವಳು ನಾನು. ಅದನ್ನ ಯಾರ ತಲೆಗೆ ಕಟ್ಟಲಿ?

ಗಂಗಾಧರಯ್ಯನವರು ದೊಡ್ಡ ಮನುಷ್ಯರು. ನಡೆದದ್ದನ್ನೆಲ್ಲ ಬರೆದು, ತಪ್ಪು ತಮ್ಮದು ಅಂತ ಸೇರಿಸಿ ಎರಡನೇ ವರದಿ ಕಳಿಸಿದರು. ನನ್ನ ರುಜುವನ್ನೂ ಹಾಕಿಸಿದರು. ಸಂಕ್ರಾಂತಿ ಹೋಯ್ತು, ಯುಗಾದಿ ಹೋಯ್ತು, ಅದಕ್ಕೆ ಉತ್ತರವೇ ಬರಲಿಲ್ಲ.

ಯುಗಾದಿ ಆದಮೇಲೆ ಬಿದರಕಟ್ಟೆಗೆ ಹೋದೆ. ಕೆಲಸ ಏನೂ ಇರಲಿಲ್ಲ, ಆ ಮಗುವನ್ನ ನೋಡಬೇಕು ಅನ್ನಿಸಿತ್ತು. ಹಾಲಮ್ಮ ಹಿತ್ತಲಲ್ಲಿ ಬಟ್ಟೆ ಒಗೀತಿದ್ದಳು, ಮಗು ಅವಳ ಸೆರಗು ಹಿಡಿದು ನಿಂತಿತ್ತು. ನನ್ನನ್ನ ಕಂಡು ಕೈ ಒರೆಸಿಕೊಂಡು ಬಂದಳು. ನಾವಿಬ್ಬರೂ ಎದುರುಬದುರು ಕೂತು ಮಾತಾಡಿದ್ದು ಅದೇ ಮೊದಲು.

‘ಅವತ್ತು ನಿಮಗೆ ಗೊತ್ತಾಯ್ತು ಅಲ್ವಾ ಅಕ್ಕಾ?’

‘ಆಯ್ತು.’

‘ನೀವು ಯೋಳ್ಲಿಲ್ಲವಲ್ಲ ಅಂತ ಅವತ್ತು ನಿಮಗೆ ಕೈ ಮುಗ್ದಿದ್ದೆ. ಅಂಬಮ್ಮ ಸತ್ತಾಗ ಶಾಪ ಹಾಕ್ದೆ. ಈಗ ಏನೂ ಇಲ್ಲ ಬುಡಿ.’ ಮಗುವನ್ನ ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ‘ನಮ್ಮತ್ತಿಗೆ ಈಗ ಯೋಳ್ತಾಳೆ, ಆವಮ್ಮ ಚುಚ್ಚಿದ್ರೆ ನಾನೇ ಮೊದ್ಲು ಕೂರ್ತೀನಿ ಅಂತ. ಬಾಣಂತಿ ಕ್ವಾಣೆಯಿಂದ್ಲೇ ಬರ್ಲಿ, ಒಳೀಕೆ ಕರೀತೀನಿ ಅಂತಾಳೆ. ನಿಜ ತಿಳಿದ ಮ್ಯಾಲೆ ಊರ ಹೆಂಗಸರೂ ಅಂಗೇ ಅಂತಾರೆ. ನಮ್ಮಣ್ಣ ಮಾತ್ರ, ಗಂಡಸು ಮುಟ್ಟೋ ಹಂಗಿಲ್ಲ ಅನ್ನೋದು ಬುಟ್ಟಿಲ್ಲ. ಬರೋ ವರ್ಸ ನೀವೇ ಚುಚ್ತೀರ ತಾನೆ?’

ಮೇಲಿನ ಕಚೇರಿಯವರು ಏನು ಬರೆದಿದ್ದಾರೆ ಅಂತ ಅವಳಿಗೆ ಹೇಳೋದಾದರೆ, ನೀನು ಚಾಚಿದ ತೋಳಿನಿಂದಲೇ ಹುಕುಂ ತಪ್ಪಿತು ಅಂತ ಹೇಳಬೇಕಾಗಿತ್ತು. ಅಷ್ಟನ್ನ ಬಿಟ್ಟು ಹೇಳಿದೆ.

‘ಇಲ್ಲ ಹಾಲಮ್ಮ. ನನಗೆ ಹುಕುಂ ಬರಲಿಲ್ಲ.’

‘ಯಾವತ್ತೂ ಬರಾಕಿಲ್ವಾ?’

‘ಬರೋ ಹಾಗೆ ಕಾಣೋದಿಲ್ಲ.’

ಅವಳು ಮಗುವಿನ ಬೆನ್ನು ಸವರಿದಳು. ಆಮೇಲೆ ರವಿಕೆ ತೋಳನ್ನ ಮೇಲೆಳೆದು, ಹಳೇ ಗಾಯದ ಕಲೆಗಳನ್ನ ತಾನೇ ಒಂದು ಸಲ ನೋಡಿಕೊಂಡಳು. ಅವಳ ಮಾತಲ್ಲಿ ಕೊಂಕೂ ಇರಲಿಲ್ಲ, ಕೋಪವೂ ಇರಲಿಲ್ಲ.

‘ಅಂಗಾದ್ರೆ ಬರೋ ವರ್ಸವೂ ನಾನೇ ಕೂರ್ಬೇಕಾಯ್ತದೆ’ ಅಂತ ಹೇಳಿ, ಉಳಿದ ಬಟ್ಟೆ ಒಗೆಯೋಕೆ ಹೋದಳು.